ಹಳೇ ಲ್ಯಾಪ್‌ಟಾಪ್‌ನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ?

ಹತ್ತಿ ಮಾರಿದ ದುಡ್ಡು ಕೈಗೆ ಬಂದ ವಾರ ಅಣ್ಣನ ಮಗಳು ಫೋನ್ ಮಾಡಿದಳು. ರಾಯಚೂರಿನಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದಾಳೆ. ಮನೆ ಮಾನ್ವಿ ತಾಲೂಕಿನ ಹಳ್ಳಿಯಲ್ಲಿ. "ಕಾಕಾ, ಐ7 ಲ್ಯಾಪ್‌ಟಾಪ್ ಐತಿ, ಎಂಟು ಜಿಬಿ ರ‍್ಯಾಮು. ಹದಿನಾಲ್ಕು ಸಾವಿರಕ್ಕ ಕೊಡ್ತೀನಿ ಅಂತಾರ. ತಗೊಂಡ್ಬಿಡ್ಲೇನು?" ಎಂದಳು. ಅಣ್ಣ ಅವಳಿಗೆ ಅಂತ ಎತ್ತಿಟ್ಟಿದ್ದು 20,000 ರೂಪಾಯಿ. ಆರು ಸಾವಿರ ಉಳಿಯುತ್ತದೆ ಅಂತ ಅಪ್ಪ ಮಗಳು ಇಬ್ಬರಿಗೂ ಖುಷಿ.

"ಐ7 ಆದ ಮೇಲೆ ಒಂದು ನಂಬರ್ ಇರ್ತದ, ಅದನ್ನ ಓದಿ ಹೇಳವ್ವಾ" ಎಂದೆ. ಅಂಗಡಿಯವರನ್ನು ಕೇಳಿ ಓದಿದಳು: 4600ಯು. ಮುಂಗಡ ಕೊಡಬೇಡ, ಭಾನುವಾರ ನಾನೇ ಬರುತ್ತೇನೆ ಎಂದೆ.

ನಮ್ಮ ಕಡೆ ಎತ್ತು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಮಾರುವವನು ಹೇಳುವ ವಯಸ್ಸು ಒಂದು, ಹಲ್ಲು ಹೇಳುವ ವಯಸ್ಸು ಇನ್ನೊಂದು. ಆಮೇಲೆ ನಡೆಸಿ ನೋಡುತ್ತಾರೆ, ನೊಗ ಕಟ್ಟಿ ನೋಡುತ್ತಾರೆ. ಬಾಯಿಗೂಡಿದ ಎತ್ತಾದರೂ ಪರವಾಗಿಲ್ಲ, ಇನ್ನು ನಾಲ್ಕು ಮುಂಗಾರು ಗಳೆ ಹೊಡೆಯುತ್ತಾ ಅನ್ನೋದೇ ಅವರ ಲೆಕ್ಕ. ಹಳೇ ಲ್ಯಾಪ್‌ಟಾಪ್‌ಗೂ ಇದೇ ಲೆಕ್ಕ ಹಾಕಬೇಕು ಅನ್ನೋದು ನನ್ನ ಅನುಭವ. ಎಷ್ಟು ಕಡಿಮೆಗೆ ಸಿಕ್ಕಿತು ಅಂತ ನೋಡಿದರೆ ಸಾಲದು. ಕೊಟ್ಟ ದುಡ್ಡಿಗೆ ಇನ್ನೆಷ್ಟು ವರ್ಷ ದುಡಿಯುತ್ತದೆ ಅಂತ ನೋಡಬೇಕು.

ಲ್ಯಾಪ್‌ಟಾಪ್‌ನ ಹಲ್ಲು ಅಂದರೆ ಆ ಪ್ರೊಸೆಸರ್ (ಎಲ್ಲ ಕೆಲಸ ಎಳೆಯುವ ಮುಖ್ಯ ಚಿಪ್) ನಂಬರ್. ಇಂಟೆಲ್ ಹೆಸರಲ್ಲಿ ಬರುವ ಐ3, ಐ5, ಐ7 ಬರೀ ದರ್ಜೆ. ವಯಸ್ಸು ಇರುವುದು ಅದರ ಮುಂದಿನ ಅಂಕಿಯಲ್ಲಿ. 4600ಯು ಅಂದರೆ ನಾಲ್ಕನೇ ಜನರೇಶನ್ (ಪೀಳಿಗೆ), 2013ರದ್ದು. 6300ಯು ಅಂದರೆ ಆರನೆಯದು. 8250ಯು ಎಂಟನೆಯದು, 2017ರಲ್ಲಿ ಬಂದಿದ್ದು. 10210ಯು ಎಂದಿದ್ದರೆ ಹತ್ತನೆಯದು. 1135ಜಿ7 ಎಂದಿದ್ದರೆ ಹನ್ನೊಂದನೆಯದು, ಅದನ್ನು ಒಂದನೇ ಜನರೇಶನ್ ಅಂತ ತಪ್ಪಾಗಿ ಓದಬೇಡಿ. ಕೀಬೋರ್ಡ್ ಪಕ್ಕ ಅಂಟಿಸಿದ ಸ್ಟಿಕರ್ ನಂಬುವುದೂ ಬೇಡ, ಅದನ್ನು ಯಾರು ಬೇಕಾದರೂ ಬದಲಾಯಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಜಾಗಕ್ಕೆ ಹೋದರೆ ಪ್ರೊಸೆಸರ್ ಹೆಸರು, ರ‍್ಯಾಮ್ (ಓಡುತ್ತಿರುವ ಕೆಲಸವನ್ನು ಹಿಡಿದಿಡುವ ಮೆಮೊರಿ) ಎಷ್ಟು, ಡಿಸ್ಕ್ ಯಾವ ಥರದ್ದು ಎಲ್ಲ ಕಾಣುತ್ತದೆ.

ಈ ಸಾಲಿನಲ್ಲಿ ಒಂದು ದೊಡ್ಡ ಗಡಿ ಇದೆ: ಏಳಕ್ಕೂ ಎಂಟಕ್ಕೂ ನಡುವೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಿಗೆ ಬರುವ ಯು ಸಾಲಿನ ಪ್ರೊಸೆಸರ್‌ಗಳಲ್ಲಿ ಏಳನೇ ಜನರೇಶನ್ ತನಕ ಐ5 ಆಗಲಿ ಐ7 ಆಗಲಿ ಎರಡೇ ಕೋರ್ (ಕೆಲಸ ಮಾಡುವ ಘಟಕ) ಇರುತ್ತಿದ್ದವು. ಎಂಟನೆಯದರಲ್ಲಿ ಐ5ಕ್ಕೇ ನಾಲ್ಕು ಕೋರ್ ಬಂತು. ಇಬ್ಬರು ಎಷ್ಟೇ ಬಿರುಸಾಗಿ ರೊಟ್ಟಿ ಬಡಿದರೂ ನಾಲ್ಕು ಜನ ಕೂತು ಬಡಿದಷ್ಟು ಬುಟ್ಟಿ ತುಂಬುವುದಿಲ್ಲ. ಹಾಗಾಗಿ 8250ಯು ಇರುವ ಐ5, 7500ಯು ಇರುವ ಐ7ಗಿಂತ ಜಾಸ್ತಿ ಕೆಲಸ ಎಳೆಯುತ್ತದೆ. ಗಿಗಾಹರ್ಟ್ಸ್ ನೋಡಿದರೆ ಉಲ್ಟಾ ಕಾಣುತ್ತದೆ: ಐ7ರ ಮೇಲೆ 2.7 ಅಂತ, ಐ5ರ ಮೇಲೆ 1.6 ಅಂತ ಬರೆದಿರುತ್ತದೆ. ಅದು ನಿಧಾನವಾಗಿ ಓಡುವಾಗಿನ ಲೆಕ್ಕ. ಕೆಲಸ ಬಿದ್ದಾಗ ಅದೇ ಐ5 3.4ರ ತನಕ ಏರುತ್ತದೆ.

ಗಡಿ ಅಲ್ಲೇ ಬೀಳಲು ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ, ಒಂದೆರಡು ಅಪವಾದ ಬಿಟ್ಟು, ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ನಂತರದ್ದೇ ಆಗಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಬದಲು ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಆದರೆ ಆ ಮಾಡೆಲ್ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇದೆಯಾ ಅಂತ ಮೊಬೈಲ್‌ನಲ್ಲೇ ಹುಡುಕಿ ನೋಡಿ. ಈ ಕಾರಣಕ್ಕೂ ದೊಡ್ಡ ಕಂಪನಿಗಳು ಹಳೇ ಮಷೀನ್‌ಗಳನ್ನು ಕೈಬಿಡುತ್ತವೆ. ಅವು ಬೆಂಗಳೂರು ಸುತ್ತಿ ನಮ್ಮ ಜಿಲ್ಲೆಗಳ ಅಂಗಡಿಗೂ ಬಂದು ಕೂರುತ್ತವೆ.

ಇಲ್ಲಿ ಒಂದು ಮಾತು ನೆನಪಿಡಿ. ಪರದೆ ಮೇಲೆ ವಿಂಡೋಸ್ 11 ಕಾಣುತ್ತಿದೆ ಎಂದ ಮಾತ್ರಕ್ಕೆ ಮಷೀನ್ ಅದಕ್ಕೆ ಅರ್ಹ ಅಂತ ಅಲ್ಲ. ತಪಾಸಣೆ ತಪ್ಪಿಸಿ ಆರನೇ ಜನರೇಶನ್ ಮೇಲೂ ಹಾಕಿಬಿಡಬಹುದು. ಇವತ್ತು ಚೆನ್ನಾಗೇ ಓಡುತ್ತದೆ. ಆದರೆ ಅಂಥ ಮಷೀನ್‌ಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ "ವಿಂಡೋಸ್ 11 ಇದೆಯಾ" ಅಂತಲ್ಲ, "ಎಷ್ಟನೇ ಜನರೇಶನ್" ಅಂತ.

ಹಾಗಾದರೆ ಹೊಸದನ್ನೇ ಕೊಂಡರಾಯಿತಲ್ಲ ಅಂತ ಅಣ್ಣ ಕೇಳಿದ. ನ್ಯಾಯವಾದ ಪ್ರಶ್ನೆ. ಡಬ್ಬಿ, ಬಿಲ್ಲು, ಒಂದು ವರ್ಷದ ವಾರಂಟಿ, ಎಲ್ಲ ಸಿಗುತ್ತದೆ. ಆದರೆ ತೀರಾ ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್ ಒಳಗೆ ಏನಿರುತ್ತದೆ ನೋಡಿ. ಎರಡು ಕೋರ್‌ನ ಸೆಲೆರಾನ್ ಎಂಬ ಕೆಳದರ್ಜೆಯ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿಯ ಇಎಂಎಂಸಿ ಎಂಬ ನಿಧಾನದ ಸ್ಟೋರೇಜ್. ರ‍್ಯಾಮ್, ಸ್ಟೋರೇಜ್ ಎರಡನ್ನೂ ಬೋರ್ಡ್‌ಗೇ ಬೆಸೆದಿರುವುದು ಸಾಮಾನ್ಯ, ನಾಳೆ ಜಾಸ್ತಿ ಮಾಡಲು ದಾರಿಯೇ ಇಲ್ಲ. ಆ 64ರಲ್ಲಿ ವಿಂಡೋಸ್ ಕೂತು, ಅದರ ಅಪ್‌ಡೇಟ್ ಬಂದರೆ ಮಕ್ಕಳ ಫೈಲ್‌ಗೆ ಜಾಗ ಉಳಿಯುವುದೇ ಕಷ್ಟ. ಅದೇ ದುಡ್ಡಿಗೆ ಸಿಗುವ, ಕಂಪನಿಯಲ್ಲಿ ಮೂರು ನಾಲ್ಕು ವರ್ಷ ದುಡಿದ ಎಂಟನೇ ಜನರೇಶನ್ ಐ5 ಅದಕ್ಕಿಂತ ಎಷ್ಟೋ ಗಟ್ಟಿ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5 ಇವೆಲ್ಲ ಬಹುಮಟ್ಟಿಗೆ ಆ ಕಾಲದವು. ಟಿ470 ಅಥವಾ 840 ಜಿ4 ಎಂದರೆ ಗಡಿಯ ಹಿಂದಿನವು, ಅಂದರೆ ಆರು ಏಳನೇ ಜನರೇಶನ್. ನೋಡಲು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ಆ ಒಂದು ಅಂಕಿಯಲ್ಲೇ ವ್ಯತ್ಯಾಸ.

ಇನ್ನು ಹಾರ್ಡ್ ಡಿಸ್ಕ್. ಹಳೇ ಲ್ಯಾಪ್‌ಟಾಪ್ ಆನ್ ಮಾಡಿ ಚಹಾ ಕುಡಿದು ಬಂದರೂ ಶುರುವಾಗಿಲ್ಲ ಎನ್ನುವವರನ್ನು ನೋಡಿರುತ್ತೀರಿ. ತೊಂದರೆ ಬಹಳ ಸಲ ಪ್ರೊಸೆಸರ್‌ದಲ್ಲ, ಡಿಸ್ಕ್‌ದು. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ತಿರುಗಬೇಕು, ಸೂಜಿಯಂಥ ಒಂದು ಕೈ ಓಡಾಡಿ ಬೇಕಾದ ಜಾಗ ಹುಡುಕಬೇಕು. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲ್ ಓದುತ್ತದೆ, ಪ್ರತಿಯೊಂದಕ್ಕೂ ಈ ಓಡಾಟ. ಇದರ ಬದಲು ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕೇ ಎಸ್‌ಎಸ್‌ಡಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಾಗಿ ಡಿಸ್ಕ್ ಬದಲಾಯಿಸಿದರೆ ಅದೇ ಮಷೀನ್ ಬೇರೆಯದೇ ಆಗಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕೆಳಗೆ ಎಸ್‌ಎಸ್‌ಡಿ ಅಂತ ಬರೆದಿರಬೇಕು. ಅದರ ಆರೋಗ್ಯ ತೋರಿಸಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಗಂಟೆ ಓಡಿದೆ, ಇನ್ನೆಷ್ಟು ಶೇಕಡಾ ಆಯಸ್ಸು ಉಳಿದಿದೆ ಎರಡೂ ಗೊತ್ತಾಗುತ್ತದೆ.

ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ. "ಈಗ 4 ಇರಲಿ, ಆಮೇಲೆ ಹಾಕಿಸಿದರಾಯಿತು" ಅನ್ನೋ ಮಾತಿಗೆ ಮೊದಲು ಎರಡು ವಿಷಯ ನೋಡಿ. ಒಂದು, ಸ್ಲಾಟ್ ಇದೆಯಾ. ಟಿ480ಯಲ್ಲಿ ಎರಡು ಸ್ಲಾಟ್ ಇವೆ. ತೆಳ್ಳಗಿನ ಎಕ್ಸ್1 ಕಾರ್ಬನ್‌ನಲ್ಲಿ ಒಂದೂ ಇಲ್ಲ, ಬೆಸೆದದ್ದು ಬೆಸೆದದ್ದೇ. ಎರಡು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿರುವುದು ಅದಕ್ಕೆ ಮುಖ್ಯ ಕಾರಣ. ಅಂದಿನ ಬೆಲೆ ಕೇಳಿಯೇ ಲೆಕ್ಕ ಹಾಕಿ.

ಈಗ ಬ್ಯಾಟರಿ. ನಮ್ಮ ಭಾಗದವರು ಇದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಕು ಅನ್ನುತ್ತೇನೆ. ಹಳ್ಳಿಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕೆ ಬರಲ್ಲ. ಆನ್‌ಲೈನ್ ಪರೀಕ್ಷೆ ನಡುವೆ ಕರೆಂಟ್ ಹೋದರೆ ಹುಡುಗಿಗೆ ಆಸರೆ ಅದೊಂದೇ. ಲಿಥಿಯಂ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ. ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಅದರ ಹಿಡಿತ ಎದ್ದು ಕಾಣುವಷ್ಟು ಕುಗ್ಗಿರುತ್ತದೆ. ಬಳಸದೆ ಇಟ್ಟರೂ ವಯಸ್ಸಾಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ.

ಅಂಗಡಿಯವರು "ಎರಡು ತಾಸು ಬರುತ್ತದೆ" ಎನ್ನುತ್ತಾರೆ. ಅವರ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅಳೆದು ನೋಡಲು ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆಯಿರಿ. ಪವರ್‌ನಲ್ಲಿ ಪೂರ್ತಿ ಸ್ಪೆಲಿಂಗ್, ಆಮೇಲೆ ಸಿ, ಎಫ್, ಜಿ ಮೂರು ಅಕ್ಷರ, ಅಷ್ಟೇ. ಎಂಟರ್ ಒತ್ತಿದರೆ ಒಂದು ವರದಿ ತಯಾರಾಗಿ, ಎಲ್ಲಿ ಸೇವ್ ಆಯಿತು ಅಂತ ಕೆಳಗೆ ತೋರಿಸುತ್ತದೆ. ಅದರಲ್ಲಿ ಎರಡು ಸಾಲು ಹುಡುಕಿ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಮೊದಲನೆಯದು ಹೊಸದಿದ್ದಾಗಿನ ಹಿಡಿತ, ಎರಡನೆಯದು ಈಗಿನದು. ನಾವು ನೋಡಿದ ಒಂದು ಮಷೀನ್‌ನಲ್ಲಿ 60,000 ಮತ್ತು 37,200 ಇತ್ತು. ಅಂದರೆ ಶೇಕಡಾ 62 ಉಳಿದಿತ್ತು. ನನ್ನ ಲೆಕ್ಕದಲ್ಲಿ 70ಕ್ಕಿಂತ ಮೇಲಿದ್ದರೆ ಹಾಗೇ ಬಳಸಬಹುದು. 50ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಅವತ್ತೇ ಬೆಲೆಗೆ ಸೇರಿಸಿ. ನಡುವೆ ಇದ್ದರೆ ಚೌಕಾಸಿಗೆ ಅದೇ ಒಳ್ಳೆಯ ಆಧಾರ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಡಿ. ತಳ ಅಲ್ಲಾಡಿದರೆ, ಅಥವಾ ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರುವ ಸಾಧ್ಯತೆ ಇದೆ. ಊದಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಎಷ್ಟೇ ಕಡಿಮೆಗೆ ಕೊಟ್ಟರೂ ಅದನ್ನು ಹಾಗೇ ಮನೆಗೆ ತರಬೇಡಿ.

ಸೆಕೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಹಳಷ್ಟು ಕಂಪನಿಗಳು ತಮ್ಮ ಲ್ಯಾಪ್‌ಟಾಪನ್ನು 35 ಡಿಗ್ರಿ ತನಕದ ವಾತಾವರಣದಲ್ಲಿ ಬಳಸಿ ಎನ್ನುತ್ತವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್ ಮೇ ತಿಂಗಳು 40 ದಾಟುತ್ತದೆ. ತಗಡಿನ ಮನೆಯ ಒಳಗಿನ ಕಥೆ ಕೇಳುವುದೇ ಬೇಡ. ಬೆಂಗಳೂರಿನ ಎಸಿ ಆಫೀಸಿನಲ್ಲಿ ತಣ್ಣಗಿದ್ದ ಮಷೀನ್ ಇಲ್ಲಿಗೆ ಬಂದ ಮೇಲೆ ಬೇರೆ ಥರ ವರ್ತಿಸುತ್ತದೆ. ಒಳಗೆ ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಜನ ಅದನ್ನೇ "ಹ್ಯಾಂಗ್ ಆಗ್ತದ" ಎನ್ನುತ್ತಾರೆ. ಇದರ ಜೊತೆಗೆ ನಮ್ಮ ಧೂಳು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್ ಸುತ್ತ ಹತ್ತಿಯ ನಾರು. ಫ್ಯಾನ್ ಹಿಂದಿನ ಸಣ್ಣ ಸಣ್ಣ ತಗಡಿನ ಸಂದಿಯಲ್ಲಿ ಅದು ಕಂಬಳಿಯ ಹಾಗೆ ಕಟ್ಟಿಕೊಳ್ಳುತ್ತದೆ, ಗಾಳಿ ಹೊರಗೆ ಹೋಗುವುದಿಲ್ಲ.

ಅದಕ್ಕೇ ಅಂಗಡಿಯಲ್ಲಿ ಐದು ನಿಮಿಷ ನೋಡಿ ಎದ್ದು ಬರಬೇಡಿ. ಚಾರ್ಜರ್ ಕಿತ್ತು, ಪರದೆಯ ಬೆಳಕು ಪೂರ್ತಿ ಏರಿಸಿ, ಅರ್ಧ ಗಂಟೆ ವಿಡಿಯೊ ಓಡಿಸಿ. ನೊಗ ಕಟ್ಟಿ ನೋಡುವುದು ಅಂದರೆ ಇದೇ. ಫ್ಯಾನ್ ಕಿರುಗುಟ್ಟುತ್ತದಾ, ಪಕ್ಕದಿಂದ ಬಿಸಿ ಗಾಳಿ ಬರುತ್ತದಾ, ತಾನಾಗೇ ಆಫ್ ಆಗುತ್ತದಾ ನೋಡಿ. ಬಿಸಿ ಗಾಳಿ ಹೊರಗೆ ಬಂದರೆ ಒಳ್ಳೆಯದೇ. ತಳ ಸುಡುತ್ತಿದ್ದು ಗಾಳಿಯೇ ಬರದಿದ್ದರೆ ಧೂಳು ತೆಗೆಸಿ, ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ ಕೊಡಲು ಹೇಳಿ. ಸಣ್ಣ ಖರ್ಚಿನ ಕೆಲಸ, ಆದರೆ ಮಷೀನ್‌ನ ಆಯಸ್ಸು ಅದರ ಮೇಲೆ ನಿಂತಿದೆ. ಈ ಅರ್ಧ ಗಂಟೆಯಲ್ಲೇ ನೋಟ್‌ಪ್ಯಾಡ್ ತೆರೆದು ಎಲ್ಲ ಕೀ ಒಂದೊಂದಾಗಿ ಒತ್ತಿ. ಯುಎಸ್‌ಬಿ ಜಾಗಗಳಿಗೆ ಪೆನ್ ಡ್ರೈವ್ ಹಾಕಿ ನೋಡಿ. ಕ್ಯಾಮೆರಾ, ಮೈಕ್, ವೈಫೈ, ಹಿಂಜ್ ಎಲ್ಲ ಮುಗಿಯುತ್ತದೆ.

ಪರದೆ ಬಗ್ಗೆ ಒಂದೇ ಮಾತು. ಅಡ್ಡಕ್ಕೆ 1366, ಉದ್ದಕ್ಕೆ 768 ಪಿಕ್ಸೆಲ್ (ಚುಕ್ಕೆ) ಇರುವ ಪರದೆಗಿಂತ 1920, 1080ರದ್ದು ಆರಿಸಿಕೊಳ್ಳಿ. ಕನ್ನಡ ಓದುವವರಿಗೆ ಇದು ಇನ್ನೂ ಮುಖ್ಯ. ಸಣ್ಣ ಅಕ್ಷರದಲ್ಲಿ ಒತ್ತಕ್ಷರಗಳು ಕಡಿಮೆ ಪಿಕ್ಸೆಲ್‌ನಲ್ಲಿ ಕಲಸಿಕೊಂಡು ಕಾಣುತ್ತವೆ, ದಿನಕ್ಕೆ ನಾಲ್ಕು ತಾಸು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವವರ ಕಣ್ಣಿಗೆ ಅದು ಹಿಂಸೆ.

ಕಂಪನಿಯಿಂದ ಬಂದ ಮಷೀನ್ ಗಟ್ಟಿ ಎಂದೆ, ಆದರೆ ಅದಕ್ಕೊಂದು ಬೀಗ ಉಳಿದಿರಬಹುದು. ಮಷೀನ್ ರಿಸ್ಟಾರ್ಟ್ ಮಾಡಿಸಿ ಬಯೋಸ್ (ವಿಂಡೋಸ್‌ಗಿಂತ ಮೊದಲು ಬರುವ ಮೂಲ ಸೆಟ್ಟಿಂಗ್) ಒಳಗೆ ಹೋಗಲು ಹೇಳಿ. ಪಾಸ್‌ವರ್ಡ್ ಕೇಳಿದರೆ, ಅದು ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ, ಬಿಟ್ಟುಬಿಡಿ. ಇನ್ನೊಂದು ಬೀಗ ಒಳಗೇ ಅಡಗಿರುತ್ತದೆ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟಾಗ ಹಳೇ ಕಂಪನಿಯ ಹೆಸರು ಬಂದು ಅವರ ಇಮೇಲ್ ಕೇಳಿದರೆ, ಆ ಮಷೀನ್ ಇನ್ನೂ ಅವರ ಲೆಕ್ಕದಲ್ಲೇ ನೋಂದಣಿಯಾಗಿದೆ ಎಂದರ್ಥ. ಆಪಲ್ ಆದರೆ ಆ್ಯಕ್ಟಿವೇಶನ್ ಲಾಕ್. ಹಳೇ ಮಾಲೀಕ ತನ್ನ ಖಾತೆಯಿಂದ ತೆಗೆಯದಿದ್ದರೆ ಅದು ನಿಮ್ಮದಾಗುವುದೇ ಇಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ತಳದಲ್ಲಿರುವ ನಂಬರ್, ಬಯೋಸ್‌ನಲ್ಲಿರುವ ನಂಬರ್, ಬಿಲ್ಲಿನದು ಮೂರೂ ಒಂದೇ ಆಗಿರಬೇಕು. ಕಳವಿನ ಮಾಲು ತಿಳಿಯದೆ ಕೊಂಡರೂ ಅಲೆದಾಡುವುದು ಕೊಂಡವರೇ.

ವಿಂಡೋಸ್ ಅಸಲಿಯಾ ಅಂತಲೂ ನೋಡಿ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್‌ನಲ್ಲಿ ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಸರಿ. ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸರ್ವಿಸ್ ಮೂಲಕ ಆಗಿದೆ ಎಂಬ ಸಾಲು ಇದ್ದರೆ ಯಾರೋ ಕಳ್ಳ ದಾರಿಯಲ್ಲಿ ಹಾಕಿರಬಹುದು. ಕಂಪನಿ ಮಷೀನ್‌ಗಳಲ್ಲಿ ಬಹುತೇಕ ಲೈಸೆನ್ಸ್ ಬೋರ್ಡ್‌ನಲ್ಲೇ ಇರುತ್ತದೆ, ಸರಿಯಾಗಿ ಹಾಕಿದರೆ ಬೇರೆ ದುಡ್ಡು ಬೇಕಾಗುವುದಿಲ್ಲ.

ಬೆಂಗಳೂರಿನಲ್ಲಿ ಎರಡು ಸಾವಿರ ಕಡಿಮೆಗೆ ಸಿಗುತ್ತದೆ ಅಂತ ಅಣ್ಣನಿಗೆ ಯಾರೋ ಹೇಳಿದ್ದರು. ನಿಜ ಇರಬಹುದು. ಆದರೆ ಹತ್ತು ದಿನಕ್ಕೆ ಕೀಬೋರ್ಡ್ ಕೆಟ್ಟರೆ ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರಬೇಕು. ಒಂದು ದಿನದ ಕೂಲಿ, ಹುಡುಗಿಯ ಕ್ಲಾಸು, ಎರಡೂ ಹೋಗುತ್ತವೆ. ನಡೆದು ಹೋಗುವಷ್ಟು ಹತ್ತಿರದ ಅಂಗಡಿಯವರು ಲಿಖಿತವಾಗಿ ಒಂದು ತಿಂಗಳ ವಾರಂಟಿ ಕೊಟ್ಟರೆ ಆ ಎರಡು ಸಾವಿರ ಅಲ್ಲಿಗೇ ತೀರಿತು ಅಂದುಕೊಳ್ಳುತ್ತೇನೆ. ಮಾರಿದವರ ಮುಖ ಮತ್ತೆ ನೋಡಲು ಸಾಧ್ಯ ಇರಬೇಕು, ಅಲ್ವಾ?

ಹಾಗಂತ ಎಂಟರ ಕೆಳಗಿನದೆಲ್ಲ ಕಸ ಅಂತ ಅಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್‌ನಲ್ಲಿ ಪೀಸ್ ಲೆಕ್ಕ ಬರೆಯಲು, ಇಂಟರ್ನೆಟ್ ಇಲ್ಲದೆ ಬಿಲ್ ತೆಗೆಯಲು ಆರನೇ ಜನರೇಶನ್ ಧಾರಾಳ ಸಾಕು. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಲು ಮನಸ್ಸಿದ್ದರೆ ಉಬುಂಟು, ಮಿಂಟ್ ಅಂಥವು ಹಳೇ ಮಷೀನ್‌ನಲ್ಲೂ ಹೊಸ ಅಪ್‌ಡೇಟ್ ಪಡೆಯುತ್ತವೆ. ಪ್ರೋಗ್ರಾಮಿಂಗ್ ಕಲಿಯುವವರಿಗೆ ಅದು ಒಳ್ಳೆಯದೇ. ಆದರೆ ಅಂಥದ್ದಕ್ಕೆ ಹದಿನಾಲ್ಕು ಸಾವಿರ ಕೊಡಬಾರದು. ಇನ್ನು ವಿಡಿಯೊ ಎಡಿಟಿಂಗ್, ಸಿವಿಲ್ ಓದುವವರ ತ್ರೀಡಿ ಡ್ರಾಯಿಂಗ್ ಇಂಥ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಕಂಪನಿ ಮಷೀನ್ ತಿಣುಕುತ್ತದೆ. ಅವರು ಇನ್ನಷ್ಟು ದುಡ್ಡು ಕೂಡಿಸಿ ಕಾಯುವುದು ಲೇಸು.

ಭಾನುವಾರ ಮೂವರೂ ಹೋದೆವು. ಒಂದು ಹಾಳೆ ಮೇಲೆ ಅವಳಿಂದಲೇ ಲೆಕ್ಕ ಬರೆಸಿದೆ. ಮೊದಲನೆಯದು, ಆ ಐ7: 14,000. ಬ್ಯಾಟರಿ ಸತ್ತಿತ್ತು, ಹೊಸದಕ್ಕೆ 2,500. ಒಟ್ಟು 16,500. ವಿಂಡೋಸ್ 11 ಸರಿಯಾಗಿ ಸಿಗದು, ಹೆಚ್ಚೆಂದರೆ ಒಂದೂವರೆ ವರ್ಷ ಎಳೆಯಬಹುದು. ವರ್ಷಕ್ಕೆ 11,000. ಎರಡನೆಯದು ಐ5-8250ಯು, 8 ಜಿಬಿ, ಎಸ್‌ಎಸ್‌ಡಿ, ಹೇಳಿದ ಬೆಲೆ 18,500. ಶೇಕಡಾ 62ರ ಬ್ಯಾಟರಿ ಇದ್ದದ್ದು ಇದರಲ್ಲೇ. ಒಂದು ವರ್ಷ ಬಿಟ್ಟು ಬ್ಯಾಟರಿ ಹಾಕಿಸಿದರೂ 21,000. ಬಿಸಿಎ ಮುಗಿಯುವ ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 7,000. ಅಣ್ಣ ಹಾಳೆಯನ್ನು ಎರಡು ಸಲ ಓದಿದ.

ಬ್ಯಾಟರಿ ವರದಿಯನ್ನು ಅಂಗಡಿಯವರ ಮುಂದಿಟ್ಟು ಮಾತಾಡಿದ್ದೂ ಅವಳೇ. "ಅಣ್ಣಾರ, ಅರವತ್ತರಾಗ ಮೂವತ್ತೇಳು ಅಷ್ಟ ಉಳದದ ನೋಡ್ರಿ" ಎಂದಳು. ಅವರು ಪರದೆ ತಿರುಗಿಸಿಕೊಂಡು ನೋಡಿದರು, ಒಪ್ಪಿದರು. 17,000ಕ್ಕೆ ಮುಗಿಯಿತು. ಫ್ಯಾನ್ ಬಿಚ್ಚಿ ಧೂಳು ತೆಗೆದು, ಪೇಸ್ಟ್ ಹಚ್ಚಿ ಸಂಜೆ ಕೊಟ್ಟರು. ಉಳಿದ ಮೂರು ಸಾವಿರವನ್ನು ಅವಳು ಅಣ್ಣನಿಗೆ ವಾಪಸ್ ಕೊಡಲಿಲ್ಲ. ಬ್ಯಾಟರಿಗೆ ಬೇಕಾಗುತ್ತದೆ ಅಂತ ತನ್ನ ಬ್ಯಾಂಕ್ ಖಾತೆಗೆ ಹಾಕಿಕೊಂಡಳು.